ನಲವತ್ತೇಳನೇ ಚೀಟಿ

ಯೆರವಡಾ, ಪುಣೆ
೧೮ ಜೂನ್ ೧೯೯೬

ಚಿತ್ರಾ,

ನೀವು ಭೋರಿಗೆ ಹೋದ ಸುದ್ದಿ ನಿಮ್ಮ ಹೊಟೆಲ್ಲಿನ ಗಲ್ಲಾದ ಮ್ಯಾಲೆ ಕೂತವರ ಬಾಯಿಂದ ತಿಳೀತು. ಅಲ್ಲೆ ಎರಡನೇ ಹೊಟೆಲ್ ತಗದೀರಂತ, ಇನ್ನ ನೀನೂ ಯಜಮಾನರ ಜೋಡಿ ಅಲ್ಲೇ ಇರತೀಯಂತ. ಭೇಷ್ ಆತು. ಆದ್ರ ಬಿ.ಎಡ್. ಕಾಲೇಜಿನಾಗ ನನ್ನ ಬಾಜೂ ಕೂತಾಕಿ, ನನ್ನ ಜೋಡಿ ಇದ್ದ ನೌಕರಿ ಬಿಟ್ಟು ಈ ಸಾಲಿ ಕಟ್ಟಿದಾಕಿ, ಹೋಗತೀನಿ ಅಂತ ಒಂದು ಮಾತು ಹೇಳಲಿಲ್ಲಲ್ಲ! ನನಗ ಸಿಟ್ಟು ಬಂದದ. ಅಳುನೂ ಬಂತು, ಆದ್ರ ಮೊದಲು ಸಿಟ್ಟು ಬಂತು.

ಅವತ್ತು ನೀ ನನ್ನ ಮಾತು ಅರ್ಧಕ್ಕ ಬಿಟ್ಟು ಎದ್ದು ಹೋದಿ. ಕಾಗದಾ ಆದ್ರ ಹಂಗ ಮಾಡಲಿಕ್ಕೆ ಬರೂದಿಲ್ಲ. ಪೂರಾ ಓದು.

ಪಾಲಿಕೆಯವರು ಮುಚ್ಚಿದ ಸಾಲಿಯ ಮೂರು ಖೋಲಿ ನಮಗ ಕೊಟ್ಟಾಗ ಕರಾರಿನಾಗ ಏನು ಬರಿಸಿಕೊಂಡ್ರು, ಅದು ನನಗೂ ಬಾಯಿಪಾಠ ಅದ. ಸಾಲಿ ನೀವು ನಡಸ್ರಿ, ಹೆಂಗ ಕಲಸ್ತೀರಿ ನಿಮ್ಮ ಮರ್ಜಿ. ಆದ್ರ ಸುತ್ತಲಿನ ವಸ್ತಿಯ ಮಕ್ಕಳನ್ನಽ ತಗೋಬೇಕು. ಜಾಗಾಕ್ಕಿಂತ ಹೆಸರು ಹೆಚ್ಚಾದ್ರ ಎಲ್ಲಾರ ಮುಂದ ಚೀಟಿ ಎತ್ತಬೇಕು. ಚೀಟಿ ಬರದ ಒಂದು ಕೂಸನ್ನೂ ಒಳಗ ತಗೋಬಾರದು. ಹತ್ತು ವರ್ಷಕ್ಕ ತಪಾಸಣಿ, ಕರಾರು ಮುರಿದದ್ದು ಕಂಡ್ರ ಖೋಲಿ ವಾಪಸ್. ಇಷ್ಟೂ ನಾ ಸಹಿ ಮಾಡೇನಿ, ನೀನೂ ಮಾಡೀದಿ.

ಅರವತ್ತು ಜಾಗಾಕ್ಕ ನೂರಾ ನಲವತ್ತಮೂರು ಹೆಸರು ಬಂದ್ವು. ಮೇ ಹತ್ತೊಂಬತ್ತರ ಬಿಸಲಾಗ ಮಂದಿ ಅಂಗಳದಾಗ ಕೂತಿತ್ತು. ನಾ ಚೀಟಿ ಓದಿದೆ, ನೀ ಕೆಂಪು ಪುಸ್ತಕದಾಗ ಬರಕೊಂಡಿ. ಹನ್ನೆರಡನೇ ಚೀಟಿ ಅಮರ ಶಿವಾಜಿ ಫುಲಾರಿ. ನಲವತ್ತೇಳನೇದು ಅಂಬಾರಾಯ ಶಿವಪುತ್ರಪ್ಪ ಹೂಗಾರ. ಹೆಸರು ಹಚ್ಚೋ ದಿನಾ ಗೋಡೌನಿನಾಗ ಕೆಲಸಾ ಮಾಡೋ ಶಿವಪುತ್ರಪ್ಪ ಒಂದಽ ಕೂಸಿನ ಕೈ ಹಿಡಕೊಂಡು ಬಂದ, ಹಿಂದ ಕೂಸಿನ ಅಜ್ಜಿ ಚನ್ನಬಸವ್ವ. ಇನ್ನೊಂದು ಕೂಸು ಎಲ್ಲೆಪಾ ಅಂತ ಕೇಳಿದ್ರ, "ಅಯ್ಯ ಬಾಯಾರ, ಎರಡೂ ಇವನಽ ರೀ" ಅಂದ. ಮನ್ಯಾಗಿನ ಕನ್ನಡದ ಹೆಸರು ಅಜ್ಜಿ ಕೊಟ್ಟಿದ್ಲು, ಹೊರಗಿನ ಮರಾಠಿ ಹೆಸರು ಅಪ್ಪ ಕೊಟ್ಟಿದ್ದ. ಗೋಡೌನಿನಾಗ ಶಿವಪುತ್ರಪ್ಪನೂ ಶಿವಾಜಿನಽ, ಹೂಗಾರನೂ ಫುಲಾರಿನಽ. ನಮ್ಮ ಮಂದೀದು ಪುಣೆದಾಗ ಹಿಂಗಽ ಅಲ್ಲೇನು? ಒಬ್ಬರು ಬರಸಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ; ಚೀಟಿ ದಿನಾನೂ ಅಪ್ಪ ಸಹಿ ಮಾಡಿ ಕೆಲಸಕ್ಕ ಹೋದ ಮ್ಯಾಲೆ ಅಜ್ಜಿ ಬಂದಿದ್ಲು. ಅವತ್ತು ನೀನೂ ಕಣ್ಣಾಗ ನೀರು ಬರೂ ಹಂಗ ನಕ್ಕೀದಿ.

ನಗು ಮುಗದ ಮ್ಯಾಲೆ ನಲವತ್ತೇಳರ ಜಾಗಾ ಖಾಲಿ ಉಳೀತು. ಕಾಯೋರ ಪಟ್ಟಿಯೊಳಗ ಮೊದಲನೇದು ಸುಖೇಶ, ನಿಮ್ಮ ಹೊಟೆಲ್ಲಿನಾಗ ದೋಸೆ ಹಾಕೋ ದೇವದಾಸನ ಮಗಾ. ನಿಯಮದಂತೆ ಅಂವಂದಽ ಜಾಗಾ. ನಾ ಅದನ್ನ ಸ್ನೇಹಲ್‌ಗೆ ಕೊಟ್ಟೆ. ಆಕಿ ಹೆಸರು ಚೀಟಿಯಾಗಽ ಇರಲಿಲ್ಲ. ಆಕಿ ತಾಯಿ ರಂಗೂಬಾಯಿ ಅಕ್ಕಲಕೋಟದ ಕಡಿಯಾಕಿ. ಗಂಡ ಇಲ್ಲೆ ಜೇಲಿನಾಗ ಇದ್ದಾನ, ಅಂವನ ಭೆಟ್ಟಿ ಆಗಲಿಕ್ಕೆ ಹತ್ರ ಆಗತದಂತ ಇಲ್ಲೇ ಖೋಲಿ ಹಿಡದಾಳ. ಫಾರ್ಮಿನ ತಾರೀಖು ಮುಗದು ಎರಡು ದಿವಸಕ್ಕ ಬಂದ್ಲು. ಬೇಡಲಿಲ್ಲ, ಅಳಲಿಲ್ಲ, ನಾಲ್ಕು ದಿವಸ ಸುಮ್ಮನ ಅಂಗಳದ ಕಸಾ ಹೊಡದು ಹೋದ್ಲು. ನಾ ವಿಚಾರ ಮಾಡಿದೆ: ದೇವದಾಸಗ ಪಗಾರದ, ಮಾಲಕರಿದ್ದಾರ, ನೀ ಇದ್ದೀದಿ. ಅಂವನ ಮಗನ್ನ ನೀ ಸಾಲಿ ಇಲ್ಲದಂಗ ಬಿಡೂದಿಲ್ಲ. ಈಕಿಗೆ ಯಾರಿದ್ದಾರ?

"ಹಾಗಾದ್ರೆ ಚೀಟಿ ಯಾಕೆ ಎತ್ತಿದ್ದು? ನೀನೇ ಒಬ್ಬೊಬ್ಬರ ಮುಖ ನೋಡಿ ಆರಿಸಬಹುದಿತ್ತಲ್ಲ" ಅಂತ ನೀ ಕೇಳಿದಿ. ನೀ ಕೇಳಿದ್ದು ಖರೇ ಅದ. ಆದ್ರ ಆ ಹುಡುಗೀನ್ನ ನಾ ಎಬ್ಬಿಸೂದಿಲ್ಲ. ಎರಡನೇ ಸಾಲಿನಾಗ ಕೂತು ಬಳಪಾ ಕಡೀಲಿಕ್ಕತ್ತಾಳ.

ವಾಪಸ್ ಬಾ. ಸಿಟ್ಟಿನಾಗಽ ಬಾ, ನಡೀತದ.

ಇಂದೂ


ಭೋರ್
೩ ಜುಲೈ ೧೯೯೬

ಇಂದೂ,

ಪೂರಾ ಓದಿದೆ. ಎರಡು ಸಲ ಓದಿದೆ.

ಆ ಹುಡುಗಿಯ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ. ಸಿಟ್ಟು ನಿನ್ನ ಮೇಲೆ. ಅಷ್ಟು ಮನೆಯವರು ಬಿಸಿಲಲ್ಲಿ ಕೂತು, ಮಗುವಿನ ಹೆಸರು ಬರದಿದ್ದರೂ ಒಂದು ಬೊಬ್ಬೆ ಹೊಡೆಯದೆ ಎದ್ದು ಹೋದರಲ್ಲ, ಯಾಕೆ? ಇಲ್ಲಿ ಯಾರ ವಶೀಲಿಯೂ ನಡೆಯುವುದಿಲ್ಲ ಅಂತ ನಂಬಿದ್ದರು. ನೀನು ಕನಿಕರದಿಂದ ಮಾಡಿದ್ದಿ, ಒಪ್ಪಿದೆ. ನಾಳೆ ನಿನ್ನ ಕುರ್ಚಿಗೆ ಬರುವವಳು ಇನ್ನೆಂತಕ್ಕೋ ಮಾಡ್ತಾಳೆ. ಆಗ ನೀನು ಯಾವ ಬಾಯಲ್ಲಿ ಬೇಡ ಅಂತ ಹೇಳುವುದು?

ದೇವದಾಸನ ಮುಖ ನಾನು ಹೇಗೆ ನೋಡಲಿ? ಸುಖೇಶನ ಹೆಸರು ಕೊಟ್ಟದ್ದು ನಾನು. ಪಟ್ಟಿಯಲ್ಲಿ ಮೊದಲು ಇದ್ದಾನೆ, ಒಂದು ಜಾಗ ಬಿಟ್ಟರೂ ಅವನಿಗೇ ಅಂತ ಹೇಳಿದ್ದು ನಾನು. ಜಾಗ ಸಿಗಲಿಲ್ಲ ಅಂತ ಹೇಳಬೇಕಾದದ್ದೂ ನಾನೇ. ಯಾಕೆ ಅಂತ ಅವನು ಕೇಳಲಿಲ್ಲ. ತಲೆ ತಗ್ಗಿಸಿ "ಆಯ್ತು ಅಕ್ಕ" ಅಂದ. ಮುಂದಿನ ವಾರ ಮಗುವನ್ನು ಕುಂದಾಪುರದ ಹತ್ತಿರ ಹೆಂಡತಿಯ ತಾಯಿಮನೆಗೆ ಕರ್ಕೊಂಡು ಹೋಗಿ ಬಿಟ್ಟು ಬಂದ. ಐದು ವರ್ಷದ ಮಗು, ಅಪ್ಪ ಅಮ್ಮ ಇಲ್ಲಿ, ಅದು ಅಲ್ಲಿ. ಬಸ್ಸು ಹೊರಡುವಾಗ ಅವನ ಹೆಂಡತಿ ರಾಜೀವಿ ಅತ್ತದ್ದನ್ನು ನಾನು ನಿಂತು ನೋಡಿದ್ದೇನೆ. ಇದು ನೀನು ಮಾಡಿದ್ದು.

ಕೆಂಪು ಪುಸ್ತಕ ನನ್ನ ಹತ್ತಿರವೇ ಇರಲಿ. ಅದು ನನ್ನ ಅಕ್ಷರ. ಅದರಲ್ಲಿ ಬೇರೆ ಯಾರ ಹೆಸರನ್ನೂ ಸೇರಿಸಲಿಕ್ಕೆ ನಾನು ಬಿಡುವುದಿಲ್ಲ.

ಇನ್ನು ಕಾಗದ ಬೇಡ.

ಚಿತ್ರಾ ದಿನಕರ ಶೆಟ್ಟಿ


ಯೆರವಡಾ
೧೩ ಜನವರಿ ೨೦೦೦

ಚಿತ್ರಾ,

ಬ್ಯಾಡ ಅಂದಿದ್ದಿ. ವರ್ಷಾ ಸಂಕ್ರಾಂತಿಗೆ ಬರದು ಹರದು ಒಗೀತಿದ್ದೆ. ಈ ಸಲ ಹರೀಲಿಕ್ಕೆ ಮನಸಾಗಲಿಲ್ಲ, ಕುಸುರೆಳ್ಳಿನ ಪುಡಿಕಿ ಜೋಡಿ ಟಪಾಲಿಗೆ ಹಾಕಲಿಕ್ಕತ್ತೀನಿ. ಉತ್ತರ ಬರದಿದ್ರೂ ಸೈ.

ಸಾಲಿ ನಡದದ. ನೀ ನೋಡಿದ ಮೂರು ಖೋಲಿ ಈಗ ಏಳಾಗ್ಯಾವ, ಮಕ್ಕಳು ಎರಡುನೂರಾ ಮೂವತ್ತಾರು. ಮೊದಲನೇ ಎರಡು ವರ್ಷ ಮನೀ ಮಾತಿನಾಗಽ ಕಲಿಸೋಣ ಅಂತ ನಾವಿಬ್ಬರೂ ಪಟ್ಟು ಹಿಡದಿದ್ವಲ್ಲ, ಅದಽ ನಡಸೇನಿ. ಒಂದು ಮೂಲ್ಯಾಗ ಕನ್ನಡ, ಒಂದು ಮೂಲ್ಯಾಗ ಮರಾಠಿ, ನಡುವ ಲಂಬಾಣಿ. ಗದ್ದಲಾ ಕೇಳಬಾರದು! ಮೂರನೇತ್ತಕ್ಕ ಬಂದು ಎಲ್ಲಾರೂ ಮರಾಠಿ ಓದತಾವ. ಅವ್ವ ಅಪ್ಪ ಕೂಲಿ ಹುಡಕಲಿಕ್ಕೆ ಆರೂವರಿಗೆ ಮಜೂರಿ ನಾಕಾಕ್ಕ ಹೋಗತಾರ, ಅದಕ್ಕ ನಮ್ಮ ಗಂಟಿನೂ ಆರೂವರಿಗೆ ಮಾಡೇನಿ. ಹುಡುಗ ಎರಡು ದಿವಸ ಬರಲಿಲ್ಲಂದ್ರ ಮೂರನೇ ದಿವಸ ಮುಂಜಾನೆ ಗುರಣ್ಣ ಮಾಸ್ತರ ಅವರ ಬಾಗಲಾಗ ನಿಂತಿರತಾರ. ಮಂದಿ ಅವರಿಗೆ ಪೊಲೀಸ ಅಂತ ಹೆಸರಿಟ್ಟಾರ. ನಾಲ್ಕನೇತ್ತೆಯ ಸ್ಕಾಲರ್‌ಶಿಪ್ ಪರೀಕ್ಷಾಕ್ಕ ಈ ಸಲ ಇಪ್ಪತ್ತು ಮಕ್ಕಳನ್ನ ಕೂಡಸತೀನಿ. ಯಾವ ಸಾಲಿಯವರೂ ನಮ್ಮ ವಸ್ತಿಯಿಂದ ಹಿಂತಾ ಧೈರ್ಯ ಮಾಡಿಲ್ಲ.

ಇನ್ನೊಂದು ಮಾತು ನೀ ಕೇಳಲೇಬೇಕು. ಮೊದಲನೇ ವರ್ಷದ ಜುಲೈದಾಗಽ ಹದಿನಾಲ್ಕು ಮನಿ ಕಟ್ಟಡದ ಕೆಲಸಾ ಮುಗಿಸಿ ಊರು ಬಿಟ್ವು. ಪಟ್ಟಿಯಂತೆ, ಒಂದೂ ಹಿಂದ ಮುಂದ ಮಾಡದ, ಹದಿನಾಲ್ಕು ಮಕ್ಕಳನ್ನ ಕರದೆ. ಮೊದಲನೇ ಹೆಸರು ಸುಖೇಶಂದು. ನಿಮ್ಮ ಹೊಟೆಲ್ಲಿಗೆ ಹೇಳಿ ಕಳಿಸಿದೆ, ಅಂವ ಆಗಲೇ ಊರಿಗೆ ಹೋಗಿಬಿಟ್ಟಿದ್ದ. ಒಂದು ತಿಂಗಳ ತಡದಿದ್ರ ಸ್ನೇಹಲ್‌ನೂ ಇರತಿದ್ಲು, ಅಂವನೂ ಇರತಿದ್ದ. ಇದು ನೆನಪಾದಾಗೆಲ್ಲಾ ನನ್ನ ಹಣಿ ನಾನಽ ಬಡಕೋತೀನಿ. ದೇವದಾಸ ಕಂಡಾನಂತ ನಿಮ್ಮ ಹೊಟೆಲ್ ಬಂದ ಕೂಡಲೇ ರಸ್ತಾ ದಾಟಿ ಆಚಿ ಕಡಿಯಿಂದ ಹೋಗತೀನಿ. ಮೂರೂವರೆ ವರ್ಷ ಆತು, ದೋಸೆ ತಿಂದಿಲ್ಲ.

ಇಂದೂ


ಯೆರವಡಾ
೯ ಮೇ ೨೦೦೬

ಚಿತ್ರಾ,

ನಿನ್ನ ಫೋನ್ ನಂಬರ್ ನನ್ನ ಕಡೆ ಅದ. ಮಾಡಲಿಲ್ಲ. ನಿನ್ನ ದನಿ ಕೇಳಿದ ಕೂಡಲೇ ನಾ ಅಳಲಿಕ್ಕೆ ಕೂಡತೀನಿ, ಕೆಲಸದ ಮಾತು ಬಾಯಾಗಽ ಉಳೀತದ. ಕೆಲಸಾ ಭಾಳ ದೊಡ್ಡದದ.

ಹತ್ತು ವರ್ಷ ತುಂಬಿದ್ವು. ತಪಾಸಣಿ ಜುಲೈ ಏಳಕ್ಕ ಇಟ್ಟಾರ. ಹತ್ತೂ ವರ್ಷದ ಚೀಟಿ ಪುಸ್ತಕಾ ತರ್ರಿ, ಸಾಲಿ ದಾಖಲಿ ಜೋಡಿ ತಾಳೆ ನೋಡತೀವಿ ಅಂತ ನೋಟೀಸ್ ಬಂದದ. ಒಂಬತ್ತು ಪುಸ್ತಕಾ ನನ್ನ ಕಪಾಟಿನಾಗ ಅವ. ಹತ್ತನೇದು, ಮೊದಲನೇ ವರ್ಷದ ಕೆಂಪು ಪುಸ್ತಕಾ, ನಿನ್ನ ಕಡೆ ಅದ. ಅದರಾಗ ನಲವತ್ತೇಳಕ್ಕ ಅಂಬಾರಾಯ, ದಾಖಲಿಯಾಗ ನಲವತ್ತೇಳಕ್ಕ ಸ್ನೇಹಲ್. ಚೀಟಿ ಇಲ್ಲದ ಕೂಸನ್ನ ತಗೊಂಡದ್ದು ಎದುರಿಗೇ ಕಾಣತದ. ಕರಾರು ಮುರದೀರಿ, ಕಟ್ಟಡಾ ಬಿಡ್ರಿ ಅಂದ್ರ ನಾ ಏನು ಹೇಳಲಿ?

ಈಗ ಐನೂರಾ ಎಂಬತ್ತೆರಡು ಮಕ್ಕಳಿದ್ದಾರ, ಚಿತ್ರಾ. ಹದಿನಾಲ್ಕು ಖೋಲಿ, ಎರಡು ಮಜಲಿ. ಮಗರಪಟ್ಟಾದ ಕಂಪನಿ ಹುಡುಗೂರು ಶನಿವಾರ ಬಂದು ಕಂಪ್ಯೂಟರ್ ಕಲಿಸಿ ಹೋಗತಾವ. ನೀ ಬರಕೊಂಡ ಮಕ್ಕಳು ಮಾರ್ಚಿನಾಗ ಹತ್ತನೇತ್ತೆ ಪರೀಕ್ಷಾಕ್ಕ ಕೂತಾರ, ಐವತ್ತೊಂದು ಮಂದಿ. ಈ ವರ್ಷ ಒಂದನೇತ್ತೆಯ ಅರವತ್ತು ಜಾಗಾಕ್ಕ ನಾನೂರಾ ಹದಿನೆಂಟು ಅರ್ಜಿ ಬಂದಾವ, ತಪಾಸಣಿ ಮುಗಿಯೂ ತನಕಾ ಚೀಟಿ ಎತ್ತಬ್ಯಾಡ್ರಿ ಅಂತ ತಡದಾರ.

ನಮ್ಮ ಟ್ರಸ್ಟಿನ ಅಧ್ಯಕ್ಷರು, ಅರಿವಿ ಅಂಗಡಿ ನಿಜಲಿಂಗಪ್ಪನವರು, "ಹೊಸಾ ಪುಸ್ತಕಾ ಒಂದು ತರ್ರಿ ಬಾಯಾರ, ಹಳೇ ಹೆಸರು ಬರದು ಬಿಸಲಾಗ ಇಟ್ರ ಹತ್ತು ವರ್ಷ ಹಳೇದಾಗತದ" ಅಂದ್ರು. ಅವರಿಗೆ ಸಾಲಿ ಮ್ಯಾಲಿನ ಜೀವಾ. ನಾ ಕೂಡಲೇ ಇಲ್ಲ ಅನ್ನಲಿಲ್ಲ. ಅಂಗಡಿ ತನಕಾ ಹೋಗಿ, ಕೆಂಪು ರಟ್ಟಿನ ಪುಸ್ತಕಾ ಕೈಯಾಗ ಹಿಡದು, ಇಟ್ಟು ಬಂದೆ.

ಇನ್ನೊಂದು ದಾರಿ ನಿನ್ನ ಕೈಯಾಗ ಅದ. ಪುಸ್ತಕಾ ಕಳದದ ಅಂತ ಎರಡು ಸಾಲು ಬರದು ಸಹಿ ಮಾಡಿ ಕಳಸು. ನನ್ನ ಸಲುವಾಗಿ ಬ್ಯಾಡ. ಈ ಆರುನೂರು ಮಕ್ಕಳ ಸಲುವಾಗಿ. ಬೇಡಲಿಕ್ಕತ್ತೀನಿ.

ಇಂದೂ


ಭೋರ್
೧೭ ಮೇ ೨೦೦೬

ಇಂದೂ,

ಆರು ವರ್ಷದ ಮೇಲೆ ಒಂದು ಕಾಗದ ಬರೆದು, ಸುಳ್ಳು ಬರೆದುಕೊಡು ಅಂತೀಯಲ್ಲ ಮಾರಾಯ್ತಿ! ಓದಿ ನಗು ಬಂತು. ಆಮೇಲೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸುಳ್ಳು ಬರೆದುಕೊಡುವುದಿಲ್ಲ. ಪುಸ್ತಕ ಸೀರೆಗಳ ಕೆಳಗೆ ಉಂಟು, ಹುಳ ಹಿಡಿಯಲಿಲ್ಲ. ಬೇರೆ ಕೊರಿಯರ್ ಮಾಡಿದ್ದೇನೆ, ಎರಡು ದಿನದಲ್ಲಿ ನಿನಗೆ ಸಿಗ್ತದೆ. ಅದನ್ನು ಎಂತ ಬೇಕಾದರೂ ಮಾಡು. ಹರಿದರೂ ಸುಟ್ಟರೂ ನಾನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಆದರೆ ಮಾಡುವುದಾದರೆ ನೀನೇ ಮಾಡು, ನನ್ನ ಕೈಯಲ್ಲಿ ಮಾಡಿಸಬೇಡ.

ನಿನ್ನ ಕುಸುರೆಳ್ಳು ಆ ವರ್ಷ ಬಂದಿತ್ತು. ಮನೆಯಲ್ಲಿ ಯಾರಿಗೂ ಕೊಡಲಿಲ್ಲ, ಒಬ್ಬಳೇ ತಿಂದೆ. ೨೦೦೨ರಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಪುಣೆಗೆ ಬಂದವಳು ರಿಕ್ಷಾ ತಿರುಗಿಸಿ ಶಾಲೆಯ ಎದುರು ಬಂದೆ. ಮಕ್ಕಳು ಮನೆಗೆ ಹೊರಟಿದ್ದವು. ಆ ಹುಡುಗಿ ಯಾವುದು ಅಂತ ನೋಡ್ತಾ ನಿಂತೆ. ಅಷ್ಟು ಮಕ್ಕಳಲ್ಲಿ ಹೇಗೆ ಗೊತ್ತಾಗಬೇಕು? ನೀನು ಹೊರಗೆ ಬಂದೀಯಾ ಅಂತ ಹೆದರಿ ಸ್ವಾರಗೇಟಿನ ಬಸ್ಸು ಹತ್ತಿದೆ.

ಮತ್ತೆ ನೀನು ರಸ್ತೆ ದಾಟುವುದನ್ನು ಬಿಡು. ದೇವದಾಸ ಅಲ್ಲಿ ಇಲ್ಲ. ನಾಲ್ಕು ವರ್ಷದಿಂದ ಇಲ್ಲಿ ಭೋರಿನ ಅಡುಗೆಮನೆ ಅವನದೇ, ರಾಜೀವಿಯೂ ಇಲ್ಲೇ. ಅವರನ್ನು ಕಂಡರೆ ನಾನೇ ಎಂತದಾದರೂ ಕೆಲಸದ ನೆವ ಮಾಡಿ ಒಳಗೆ ಹೋಗ್ತೇನೆ. ಸುಖೇಶ ಊರಲ್ಲಿ ಎಸ್ಸೆಸ್ಸೆಲ್ಸಿ ಬರೆದಿದ್ದಾನಂತೆ. ಹೇಗೆ ಮಾಡಿದ್ದಾನೆ ಅಂತ ಕೇಳುವ ಧೈರ್ಯ ನನಗಿಲ್ಲ.

ಚಿತ್ರಾ


ಯೆರವಡಾ
೨೮ ಮೇ ೨೦೦೬

ಚಿತ್ರಾ,

ಪುಸ್ತಕಾ ಬಂತು. ಮೊದಲು ನಿನ್ನ ಬೈದೆ. ಬರೀ ಬೈಗಳಾ ಅಲ್ಲ, ನಮ್ಮವ್ವ ಬೈತಿದ್ಲಲ್ಲ ಹಂಗ ಬೈದೆ. ಆಮ್ಯಾಲೆ ತಗದು ನೋಡಿದೆ.

ಪ್ರತಿ ಹೆಸರಿನ ಮುಂದ ಅವತ್ತು ಮನೀ ಮಂದೀದು ಸಹಿ ತಗೊಂಡಿದ್ವು, ನನಗ ಮರತಽ ಹೋಗಿತ್ತು. ಐವತ್ತಕ್ಕಿಂತ ಹೆಚ್ಚು ಹೆಬ್ಬಟ್ಟು. ನಲವತ್ತೇಳರ ಮುಂದ ಚನ್ನಬಸವ್ವಂದು, ಶಾಯಿ ಹೆಚ್ಚಾಗಿ ಕೆಳಗಿನ ಗೆರಿಗೂ ಹತ್ತೇದ. ಇದನ್ನ ಹರೀಲಿಕ್ಕೆ ನನ್ನ ಕೈ ಏಳಲಿಲ್ಲ. ನಿಜಲಿಂಗಪ್ಪನವರಿಗೆ ಹೇಳಿದೆ: ಇದನ್ನಽ ಒಯ್ಯತೀನಿ, ಮಾಡಿದ್ದು ಹೇಳತೀನಿ. ಅವರು ಟೊಪಿಗಿ ತಗದು ಮೇಜಿನ ಮ್ಯಾಲೆ ಇಟ್ರು.

ಮಂದಿ ಮುಂದ ಹೇಳೂದಕ್ಕಿಂತ ಮೊದಲು ಆ ತಾಯಿ ಮಗಳಿಗೆ ಹೇಳಬೇಕಲ್ಲ. ರಂಗೂಬಾಯಿ ಮನಿಗೆ ಹೋದೆ. ಗಂಡ ಜೇಲಿನಿಂದ ಸುಟಗಾ ಆಗಿ ಬಂದು ಆರು ವರ್ಷ ಆತು, ಬಣ್ಣಾ ಹಚ್ಚಲಿಕ್ಕೆ ಹೋಗತಾನ. ನಾ ಹೇಳಿ ಮುಗಸೂದಕ್ಕ ಆಕಿ, "ಚೀಟಿ ಇಲ್ಲದ ಕೂಸಿಗೆ ಜಾಗಾ ಬಂತಂದ್ರ ಅದು ಯಾರದ್ದೋ ಇರಬೇಕಂತ ನನಗ ಅವತ್ತಽ ಗೊತ್ತಿತ್ರಿ ಬಾಯಾರ. ಕೇಳಿದ್ರ ವಾಪಸ್ ತಗೊಂಡೀರಂತ ಸುಮ್ಮನಿದ್ದೆ" ಅಂದ್ಲು. ಹತ್ತು ವರ್ಷ ಆಕಿನೂ ಇದನ್ನ ಹೊಟ್ಟ್ಯಾಗ ಇಟ್ಟಕೊಂಡಿದ್ಲು.

ಸ್ನೇಹಲ್ ಒಂದಽ ಪ್ರಶ್ನಿ ಕೇಳಿದ್ಲು: "ಮತ್ತ ಆ ಹುಡುಗ ಎಲ್ಲೆ ಹೋದ?" ಅವ್ವ ಅಪ್ಪನ್ನ ಬಿಟ್ಟು ಊರಿಗೆ ಹೋದ ಅಂದೆ. ಅವತ್ತಿನಿಂದ ಹುಡುಗಿ ನಗವಲ್ಲಳು, ಸರಿಯಾಗಿ ಉಣ್ಣವಲ್ಲಳು. ಹತ್ತನೇತ್ತೆಯ ಫಲಿತಾಂಶ ಬಂದ್ರ ಅದು ನಂದಲ್ಲ ಅಂತಾಳ. ನಾ ಮಾಡಿದ್ದಕ್ಕ ಈ ಕೂಸು ಯಾಕ ಅಳಬೇಕು?

ಚಿತ್ರಾ, ನೀ ದೇವದಾಸಗ ಹೇಳು. ಪೂರಾ ಹೇಳು. ತಪ್ಪು ಇಂದೂಬಾಯಿದು ಅಂತ ನನ್ನ ಹೆಸರು ತಗೊಂಡಽ ಹೇಳು. ಅಂವ ಬೈದ್ರ ಬೈಲಿ. ಆ ಹುಡುಗ ಹೆಂಗಿದ್ದಾನ, ಏನು ಓದ್ಯಾನ, ತಿಳಿಸು. ನನಗ ಭಾಳ ಹ್ಯದರಿಕಿ ಆಗೇದ.

ಇಂದೂ


ಭೋರ್
೧೧ ಜೂನ್ ೨೦೦೬

ಇಂದೂ,

ಕೂತುಕೊಂಡು ಓದು. ನಿಂತು ಓದುವ ಕಾಗದ ಅಲ್ಲ ಇದು.

ಐದು ದಿನ ನನಗೆ ಧೈರ್ಯ ಬರಲಿಲ್ಲ. ಆರನೇ ದಿನ ಊಟದ ಗಲಾಟೆ ಮುಗಿದು, ದೇವದಾಸ ಮತ್ತು ರಾಜೀವಿ ಹಿಂದಿನ ಜಗಲಿಯಲ್ಲಿ ಕೂತು ನಾಳೆಯ ಸಾಂಬಾರಿಗೆ ಸಣ್ಣ ನೀರುಳ್ಳಿ ಸುಲಿಯುತ್ತಿದ್ದರು. ನಾನೂ ಮಣೆ ಎಳೆದು ಕೂತೆ. ಚೀಟಿ, ಎರಡು ಹೆಸರು, ಖಾಲಿಯಾದ ಜಾಗ, ಸ್ನೇಹಲ್, ಜುಲೈ ಏಳರ ತಪಾಸಣೆ, ಎಲ್ಲಾ ಹೇಳಿದೆ. "ಆ ಜಾಗ ನಿನ್ನ ಮಗನದ್ದು ದೇವದಾಸ, ಅವನಿಗೆ ತಪ್ಪಿಹೋಯ್ತು" ಅಂದೆ. ಅವನು ಚೂರಿ ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳ್ತಾಳೆ ಅಂತ ನಾನು ಗ್ರಹಿಸಿದೆ. ಅವಳು ನಗ್ತಾ ಇದ್ದಳು ಇಂದೂ!

"ಅಕ್ಕ, ಅವನನ್ನು ಊರಿಗೆ ಕಳಿಸುವುದು ಅಂತ ಆ ವರ್ಷ ಯುಗಾದಿಗೇ ಮಾತಾಗಿತ್ತು" ಅಂದ ದೇವದಾಸ. ಅಲ್ಲಿ ಮನೆಯ ಎದುರೇ ಶಾಲೆ, ರಾಜೀವಿಯ ಅಣ್ಣನೇ ಹೆಡ್‌ಮಾಸ್ಟರು. ಚಡ್ಡಿ ಅಂಗಿ ಹೊಲಿಸಿ ಆಗಿತ್ತಂತೆ. ಅಷ್ಟರಲ್ಲಿ ನಾನು ಹೋಗಿ, "ನಿನ್ನ ಮಗನ ಹೆಸರು ಕೊಟ್ಟು ಬಂದಿದ್ದೇನೆ" ಅಂತ ಉಪಕಾರ ಮಾಡಿದವಳ ಹಾಗೆ ಹೇಳಿದ್ದೇನೆ. ಧಣಿಯ ಹೆಂಡತಿಗೆ ಬೇಡ ಅಂತ ಹೇಳುವುದು ಹೇಗೆ? ರಾಜೀವಿ ಹರಕೆ ಹೊತ್ತಳಂತೆ, ಚೀಟಿಯಲ್ಲಿ ಮಗನ ಹೆಸರು ಬರಬಾರದು ಅಂತ! ಹೆಸರು ಬರಲಿಲ್ಲ. ಮಗುವನ್ನು ಬಿಡಲಿಕ್ಕೆ ಊರಿಗೆ ಹೋದ ದೇವದಾಸ ಹೂವಿನ ಪೂಜೆಯನ್ನೂ ಕೊಟ್ಟು ಬಂದನಂತೆ. ಜಾಗ ಸಿಗಲಿಲ್ಲ ಅಂತ ನಾನು ಹೇಳಿದಾಗ ದೇವದಾಸ ತಲೆ ತಗ್ಗಿಸಿದನಲ್ಲ, ನಗು ಕಾಣಬಾರದು ಅಂತ ತಗ್ಗಿಸಿದ್ದಂತೆ.

"ಬಸ್ಸಿನ ಹತ್ತಿರ ನೀನು ಅತ್ತದ್ದು?" ಅಂತ ರಾಜೀವಿಯನ್ನು ಕೇಳಿದೆ. "ಮಗುವನ್ನು ಬಿಡುವಾಗ ಅಳು ಬರುವುದಿಲ್ವಾ ಅಕ್ಕ? ಬೇಕೂಂತಲೇ ಬಿಟ್ಟದ್ದಾದರೂ ಅಳು ಬರ್ತದೆ" ಅಂದಳು.

ನಾನು ಒಂದು ಗಂಟೆ ಅಲ್ಲೇ ಕೂತು ನೀರುಳ್ಳಿ ಸುಲಿದೆ. ನಾಚಿಕೆಯಾಯ್ತು. ಹತ್ತು ವರ್ಷ ಯಾರ ಪರವಾಗಿ ನಿನ್ನ ಮೇಲೆ ಸಿಟ್ಟು ಮಾಡಿದೆನೋ, ಅವರನ್ನು ಒಂದು ದಿನ ಕೂರಿಸಿ ಕೇಳಲಿಲ್ಲ. ನೀನು ಮಾಡಿದ್ದು ತಪ್ಪೇ. ಅದನ್ನು ನಾನು ಸಾಯುವವರೆಗೂ ತಪ್ಪೇ ಅಂತೇನೆ. ಹರಕೆಯ ಸುದ್ದಿ ನಿನಗೇನೂ ಗೊತ್ತಿರಲಿಲ್ಲ. ಆದರೆ ಒಂದು ಮಗುವನ್ನು ನೀನು ತಾಯಿಯಿಂದ ಬಿಡಿಸಿದ್ದಿ ಅಂತ ಬರೆದಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ಕ್ಷಮಿಸು.

ಆ ಹುಡುಗಿಗೆ ಬೇಗ ಹೇಳು. ಮೊದಲು ಊಟ ಮಾಡಲಿಕ್ಕೆ ಹೇಳು.

ಚಿತ್ರಾ


ಯೆರವಡಾ
೯ ಜುಲೈ ೨೦೦೬

ಚಿತ್ರಾ,

ಸಾಲಿ ಉಳೀತು. ಮೊದಲು ಅದನ್ನ ಬರೀತೀನಿ, ಉಳದದ್ದು ಆಮ್ಯಾಲೆ.

ಶುಕ್ರವಾರ ಮೂರು ಮಂದಿ ಬಂದಿದ್ರು. ನಡುವಿನ ಕುರ್ಚಿಯಾಗ ವಯಸ್ಸಾದ ಅಧಿಕಾರಿ ಬಾಯಿ ಒಬ್ಬರು, ಮುಖದಾಗ ನಗು ಅನ್ನೋದಽ ಇಲ್ಲ. ಅವರು ಕೇಳೋಕಿಂತ ಮೊದಲು ಕೆಂಪು ಪುಸ್ತಕದ ಆ ಪಾನಾ ತಗದು ಅವರ ಮುಂದ ಇಟ್ಟೆ. ಮರಾಠಿಯಾಗ ಎಲ್ಲಾ ಹೇಳಿದೆ. ನಿಜಲಿಂಗಪ್ಪನವರು ಖಿಡಕಿ ಕಡೆ ಮುಖಾ ಮಾಡಿ ನಿಂತುಬಿಟ್ರು. ದೇವದಾಸನ ಹರಕಿ ಸುದ್ದಿ ನಾ ಹೇಳಲಿಲ್ಲ. ನನ್ನ ತಪ್ಪು ಅದರಿಂದ ಸಣ್ಣದಾಗೂದಿಲ್ಲ, ನೀ ಬರದದ್ದು ಖರೇನಽ ಅದ.

"ಆ ಹುಡುಗ ಈಗ ಎಲ್ಲಿದ್ದಾನ?" ಅಂತ ಬಾಯಿ ಕೇಳಿದ್ರು. ನಾ ಬಾಯಿ ತಗಿಯೋದರಾಗ ಹಿಂದ, "ಇಥೆ ಆಹೆ ಬಾಯಿ", ಇಲ್ಲೇ ಇದ್ದಾನ ಅಂತ ದನಿ ಬಂತು. ದೇವದಾಸ! ಬಾಜೂಕ ಮೀಸಿ ಚಿಗುರಿದ ಉದ್ದನ್ನ ಹುಡುಗ. ನೀ ಕಳಿಸೀದಿ ಅಂತ ತಿಳದೆ. ಆಮ್ಯಾಲೆ ಕೇಳಿದ್ರ, "ಅಕ್ಕನಿಗೆ ಗೊತ್ತಿಲ್ಲ, ಮಗನನ್ನು ಊರಿಂದ ಕರೆಸಿ, ಹಲ್ಲುನೋವು ಅಂತ ರಜೆ ತಗೊಂಡು ಬಂದೆ" ಅಂದ. ನೀ ಅಂವಗ ಬೈಬ್ಯಾಡ. ತನ್ನ ಹೊಟೆಲ್ ಮರಾಠಿಯಾಗ ಯುಗಾದಿಯಿಂದ ಹೂವಿನ ಪೂಜಾ ತನಕಾ ಎಲ್ಲಾ ಹೇಳಿದ. ಚೀಟಿ ಬರಬಾರದಂತ ಹರಕಿ ಹೊತ್ತದ್ದು ಕೇಳಿ ಆ ಬಾಯಿ ನಕ್ಕು, ಕನ್ನಡಕಾ ತಗದು ಕಣ್ಣು ಒರಸಿಕೊಂಡ್ರು. ಅವರೂ ನಕ್ಕರಲ್ಲ ಅಂತ ನನಗ ಅರ್ಧಾ ಜೀವಾ ಬಂತು.

ಆದ್ರ ಬಿಡಲಿಲ್ಲ ಅವರು. ಉಳದ ಒಂಬತ್ತು ವರ್ಷದ ಪುಸ್ತಕಾ ಮೂರು ತಾಸು ಒಂದೊಂದು ಹೆಸರು ತಾಳೆ ನೋಡಿದ್ರು. ಒಂದೂ ತಪ್ಪು ಸಿಗಲಿಲ್ಲ. ನಿನ್ನ ಸಿಟ್ಟಿಗೆ ಅಂಜಿ ಒಂಬತ್ತು ವರ್ಷ ನಾ ಅಷ್ಟು ಬರೋಬ್ಬರಿ ಮಾಡೇನಿ. ಕಡೀಗೆ, "ತಪ್ಪು ಅಂದ್ರ ತಪ್ಪು, ವರದಿಯಾಗ ಬರೀತೀನಿ" ಅಂತ ನನ್ನ ಎದುರಿಗೇ ಬರದ್ರು. ಅದರ ಕೆಳಗಽ ಮತ್ತ ಹತ್ತು ವರ್ಷಕ್ಕ ಕರಾರು ಬರದು ಸಹಿ ಮಾಡಿದ್ರು. ನಾ ಹೊರಗ ಬಂದು ಮೆಟ್ಟಿಲ ಮ್ಯಾಲೆ ಕೂತೆ. ನಿಜಲಿಂಗಪ್ಪನವರು ತಾವಽ ಹೋಗಿ ಚಹಾ ತಂದುಕೊಟ್ರು.

ಫಲಿತಾಂಶನೂ ಬಂದದ. ಐವತ್ತೊಂದರಾಗ ನಲವತ್ತೆಂಟು ಪಾಸ್. ಉಳದ ಮೂರು ಮಂದೀಗೆ ಗುರಣ್ಣ ಮಾಸ್ತರ ಈಗಽ ಕ್ಲಾಸ್ ಸುರು ಮಾಡ್ಯಾರ. ಹೂಗಾರರ ಹುಡುಗ ಪಾಸಾದ, ಚನ್ನಬಸವ್ವ ಓಣಿ ತುಂಬ ಪೇಢೆ ಹಂಚಿದ್ಲು. ನಮ್ಮ ಸ್ನೇಹಲ್‌ಗೆ ಎಪ್ಪತ್ತೊಂದು ಪರ್ಸೆಂಟ್.

ಈಗ ಇದನ್ನ ಕೇಳು. ನೀ ಬರದದ್ದೆಲ್ಲಾ ಹೇಳಿದ್ರೂ ಆ ಹುಡುಗಿಗೆ ಸಮಾಧಾನ ಆಗಿರಲಿಲ್ಲ. ಬಾಯಾರು ನನ್ನ ಸಮಾಧಾನಕ್ಕ ಹೇಳತಾರ ಅಂತಿದ್ಲು. ಶುಕ್ರವಾರ ಆಕಿನೂ ಬಂದಿದ್ಲು. ಸುಖೇಶನ ಮುಂದ ಹೋಗಿ ನಿಂತು, ತಲಿ ಕೆಳಗ ಹಾಕಿ, ಸಾರಿ ಅಂದ್ಲು. ಅಂವಗ ತಲಿಬುಡ ತಿಳೀಲಿಲ್ಲ. "ಯಾಕೆ? ನಿನಗೆ ಎಷ್ಟು ಬಂತು?" ಅಂದ. ಎಪ್ಪತ್ತೊಂದು ಅಂದ್ಲು. "ನನಗೆ ಎಪ್ಪತ್ತೆಂಟು" ಅಂತ ಅಂವ ಅಂದದ್ದಽ ತಡ, ಹುಡುಗಿ ಧಡಾಧಡಾ ನನ್ನ ಖೋಲಿಗೆ ಬಂದ್ಲು. ಮಾರಿ ಕೆಂಪಾಗಿತ್ತು. "ಬಾಯಾರ, ಅಂವಗ ಏಳು ಹೆಚ್ಚ ಬಂದಾವ್ರಿ! ಅವರ ಬೋರ್ಡಿನಾಗ ಪೇಪರ್ ಸುಲಭ ಇರತಾವೇನ್ರಿ?" ಅಂತ ಕೇಳಿದ್ಲು. ಒಂದೂವರಿ ತಿಂಗಳ ಅಳು ಎಲ್ಲೆ ಹೋತೋ, ಹೊಟ್ಟಿಕಿಚ್ಚು ಬಂದು ಕೂತಿತ್ತು. ನಾ ಆಕಿನ್ನ ತೆಕ್ಕ್ಯಾಗ ತಗೊಂಡು ಅತ್ತೆ, ಆಕಿ ಬಿಡಸಿಕೊಂಡು ಮತ್ತ ಜಗಳಾಡಲಿಕ್ಕೆ ಹೊರಗ ಹೋದ್ಲು.

ಇನ್ನೊಂದು ಕೆಲಸದ ಮಾತು. ಇನ್ನ ಮ್ಯಾಲೆ ಚೀಟಿ ಎತ್ತುವಾಗ ಈಗ ಸಾಲಿಯಾಗೂ ಟ್ರಸ್ಟಿನಾಗೂ ಇಲ್ಲದ ಒಬ್ಬರು ಎದುರಿಗೆ ಕೂತು, ಮೊದಲನೇ ಚೀಟಿಯಿಂದ ಕಾಯೋರ ಪಟ್ಟಿಯ ಕಡೀ ಹೆಸರಿನ ತನಕಾ ಸಹಿ ಮಾಡಬೇಕಂತ ಆ ಬಾಯಿ ಶರತ್ತು ಹಾಕ್ಯಾರ. ಯಾರ ಮುಲಾಜಿಗೂ ಬೀಳದವರು ಬೇಕಂತ. ಅಂಥಾವರು ಒಬ್ಬರಽ ನನಗ ಗೊತ್ತು. ಆದ್ರ ಕೇಳದ ಯಾರ ಹೆಸರೂ ಕೊಡಬಾರದು ಅಂತ ನಾವಿಬ್ಬರೂ ಈಗ ಕಲತೀವಿ, ಅದಕ್ಕ ಕೇಳತೀನಿ. ಜುಲೈ ಇಪ್ಪತ್ತಮೂರು, ರವಿವಾರ, ಮುಂಜಾನೆ ಒಂಬತ್ತಕ್ಕ. ನಾನೂರಾ ಹದಿನೆಂಟು ಹೆಸರು. ಬರತೀ ಏನು?

ನಿನ್ನ
ಇಂದೂ


ಭೋರ್
೧೪ ಜುಲೈ ೨೦೦೬

ಇಂದೂ,

ನನ್ನ ಹೆಸರು ಬರೆದುಕೊಡು.

ಶನಿವಾರ ಸಂಜೆಗೇ ಬರ್ತೇನೆ, ರಾತ್ರಿ ನಿನ್ನಲ್ಲೇ ಉಳಿಯುವುದು. ರಾಜೀವಿಯೂ ಬರ್ತಾಳೆ. ಅಷ್ಟು ಜನ ಬಿಸಿಲಲ್ಲಿ ಕೂರುವುದು ಬೇಡ, ಒಂದು ಶಾಮಿಯಾನ ಹಾಕಿಸು. ದೇವದಾಸನ ಹಲ್ಲುನೋವು ಹೇಗುಂಟು ಅಂತ ನಿನ್ನೆ ವಿಚಾರಿಸಿದೆ. ಬಲಗಡೆ ಅಂದ, ಸ್ವಲ್ಪ ಹೊತ್ತು ಕಳೆದು ಎಡಗಡೆ ಅಂದ. ಎರಡೂ ಕಡೆಗೆ ಲವಂಗ ಕೊಟ್ಟೆ.

ಮತ್ತೆ, ಈ ಹತ್ತು ವರ್ಷದಿಂದ ನನ್ನ ಹತ್ತಿರ ಜಗಳ ಮಾಡುವವರು ಯಾರೂ ಇರಲಿಲ್ಲ ಇಂದೂ. ಮನೆಯಲ್ಲಿ ಎಲ್ಲರೂ ನಾನು ಹೇಳಿದ್ದಕ್ಕೆ ಹೂಂ ಅಂತಾರೆ. ನನಗೆ ಬೇಜಾರು ಬಂದು ಹೋಗಿದೆ.

ನಿನ್ನ
ಚಿತ್ರಾ